ಗೋಡೆ ದಾಟಿದ ಕೆಂಬೇರಿ

ದೀಪಾವಳಿ ಕಳೆದು ಚಳಿಗಾಳಿ ಶುರುವಾಯಿತೆಂದರೆ ಕೆಂಬೇರಿ ಮೀನುಗಳು ಮುಳುಗಿದ ಊರಿನ ಮನೆಗಳೊಳಗೆ ಸೇರಿಕೊಳ್ಳುತ್ತವೆ. ಕಡಲು ಊರನ್ನು ನುಂಗಿ ಆರು ವರ್ಷವಾದರೂ ಮನೆಯ ಮೇಲಿನ ನೀರು, ಅಲ್ಲಿ ಸಿಗುವ ಮೀನು ಮನೆಯವರದೇ. ಗುಲಾಬಿ ನೀರಡಿಯ ತನ್ನ ಅಡುಗೆಮನೆಯ ನೇರಕ್ಕೆ ತನ್ನ ಪುಟ್ಟ ದೋಣಿ, ಕಯಾಕ್, ನಿಲ್ಲಿಸಿ ಗಾಳ ಬಿಟ್ಟಿದ್ದಳು. ಐದು ದಿನಗಳಲ್ಲಿ ಮೊದಲ ಮೀನು ಕಚ್ಚಿತು. ಕಚ್ಚಿದ್ದೇ ತಡ, ಕಾಂಪೌಂಡ್ ಗೋಡೆ ದಾಟಿ ಪಕ್ಕದ ಮನೆಯ ಕಿಟಕಿಯೊಳಗೆ ನುಗ್ಗಿತು.

ನೆರೆಯ ಸುಬ್ರಾಯ ತನ್ನ ಕಯಾಕಿನಿಂದಲೇ ಬಗ್ಗಿ ಅವಳ ಗಾಳದ ದಾರವನ್ನು ಚೂರಿಯಿಂದ ಕತ್ತರಿಸಿದ.

"ಕಚ್ಚಿದ್ದು ನನ್ನ ಮನೇಲಿ ಮಾರಾಯಾ! ಮಕ್ಳಿಗೆ ಎಂತ ಹಾಕ್ಲಿ ಈಗ?"

"ಹೊಕ್ಕಿದ್ದು ಅಮ್ಮನ ಕೋಣೆಗೆ. ಅಮ್ಮ ಮುಳುಗಿ ಹೋದದ್ದೂ ಅದೇ ಕೋಣೇಲಿ. ನೀರು ಏರಿದ ದಿನ ನಿನ್ನ ದೋಣೀಲಿ ಜಾಗ ಇತ್ತು. ಅಮ್ಮ ಕೂಗಿದ್ದು ನಿಂಗೆ ಕೇಳಿತ್ತಾ, ಇಲ್ವಾ?"

ಪ್ರತಿ ವರ್ಷವೂ ಅವನು ಇದೇ ಪ್ರಶ್ನೆ ಕೇಳುತ್ತಿದ್ದ. ಗಾಳಿಯ ಅಬ್ಬರದಲ್ಲಿ ಕೇಳಿಸಲಿಲ್ಲವೆಂದು ಅವಳು ಹೇಳುತ್ತಿದ್ದಳು. ಈ ಸಲ ತುಂಡಾದ ದಾರ ಕೈಯಲ್ಲಿತ್ತು, ಸಿಟ್ಟು ನೆತ್ತಿಗೇರಿತ್ತು.

"ಕೇಳಿತ್ತು. ಆ ಜಾಗದಲ್ಲಿ ಹೊಲಿಗೆ ಮಿಷನ್ ಇಟ್ಟಿದ್ದೆ."

ಸುಬ್ರಾಯ ಬೈಯಲಿಲ್ಲ. ಚೂರಿಯನ್ನೂ ಮಡಚಲಿಲ್ಲ.

"ತಿರುಗ್ಸು," ಎಂದ.

ಗುಲಾಬಿ ಕಯಾಕ್ ತಿರುಗಿಸಿದಳು. ಆ ಚಳಿಗಾಲವಿಡೀ ಅವಳು ತನ್ನ ಮನೆಯ ಮೇಲೆ ಗಾಳ ಬಿಡಲಿಲ್ಲ.