ರಗಬ್‌ಗಿಂತ ತೆಳ್ಳಗೆ

ಬುಟ್ಟಿ ಮೇಲೇರುತ್ತಿತ್ತು. ಮೂರನೇ ಮಹಡಿಯ ಬಾಲ್ಕನಿಯಿಂದ ರಗಬ್ ಹಗ್ಗ ಎಳೆಯುತ್ತಿದ್ದ. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಪಾತ್ರೆ ಬಯೂಮಿಯ ಮನೆಯದು. ಕೆಳಗೆ ನಿಂತು ಕತ್ತೆತ್ತಿ ನಗುತ್ತಿದ್ದವಳು ಬಯೂಮಿಯ ಹೆಂಡತಿ, ಸನಿಯ್ಯ.

ಬಯೂಮಿ ತನ್ನ ಮಿಠಾಯಿ ಅಂಗಡಿಯ ಗಾಜಿನ ಹಿಂದಿನಿಂದ ಎಲ್ಲ ನೋಡಿದ. ಬಾಯಲ್ಲಿದ್ದ ಸಿಹಿ ಕುನಾಫಾ ಮಣ್ಣಾಯಿತು. ಆದರೂ ನುಂಗಿದ.

ಅಲೆಕ್ಸಾಂಡ್ರಿಯಾದ ಆ ಮೀನುಗಾರರ ಗಲ್ಲಿಗೆ ಇಬ್ಬರೇ ಡುಮ್ಮರು. ಒಬ್ಬ ಬಯೂಮಿ, ಇನ್ನೊಬ್ಬ ರಗಬ್. ರಗಬ್ ಸನಿಯ್ಯಳ ದೊಡ್ಡಮ್ಮನ ಮಗ; ಅಲ್ಲಿ ಆ ಸಂಬಂಧದಲ್ಲೂ ಮದುವೆ ಉಂಟು. ಹೆಣ್ಣು ಕೇಳಿದವರಲ್ಲಿ ಅವನೇ ಮೊದಲಿಗ. ಅವಳು ಬಯೂಮಿಯನ್ನು ಒಪ್ಪಿದಳು. ರಗಬ್ ಆಮೇಲೆ ಮದುವೆಯೇ ಆಗಲಿಲ್ಲ. ಇಷ್ಟು ವರ್ಷ ಅದನ್ನು ನೆನೆದು ಮೀಸೆ ತಿರುವಿದ್ದ ಬಯೂಮಿಗೆ ಈಗ ಅದೇ ಗಂಟಲ ಮುಳ್ಳು.

ಎರಡು ವರ್ಷದ ಹಿಂದೆ ಡಾಕ್ಟರು, “ಹೀಗೇ ಇದ್ದರೆ ಒಂದು ದಿನ ನಿಮ್ಮ ಹೃದಯ ನಿಂತುಬಿಡುತ್ತೆ,” ಎಂದಿದ್ದರು. ಹೆದರಿಕೆಗೆ ಬಯೂಮಿ ಇಪ್ಪತ್ತು ಕಿಲೋ ಇಳಿಸಿದ. ಆಮೇಲೆ ರಂಜಾನ್ ಬಂತು, ಅದರ ಬೆನ್ನಿಗೇ ಮದುವೆಗಳು. ಬಾಣಲೆಯ ಮುಂದೆ ನಿಂತವನು ಪಾಕದ ರುಚಿ ನೋಡದೆ ಇರುತ್ತಾನೆಯೇ? ಹೋದದ್ದೆಲ್ಲ ನೆಂಟರನ್ನೂ ಕರೆದುಕೊಂಡು ವಾಪಸ್ಸು ಬಂತು.

ಸನಿಯ್ಯ ಅತ್ತಳು, ಕಾಲು ಹಿಡಿದಳು. “ಇನ್ನೊಂದ್ಸಲ ಇಳಿಸು. ನನಗೋಸ್ಕರ.”

“ಒಂದ್ಸಲ ಸತ್ತು ಹುಟ್ಟಿದೀನಿ ಕಣೇ. ಎರಡನೇ ಸಲ ಆಗಲ್ಲ.”

ಒಂದು ದಿನ ಅವಳು ಅಳುವುದನ್ನು ನಿಲ್ಲಿಸಿದಳು. ಮಾರನೇ ದಿನದಿಂದ ಅವಳ ಬಾಯಲ್ಲಿ ರಗಬ್.

“ರಗಬ್ ಬೆಳಗಿನ ಜಾವ ಕಡಲ ದಂಡೇಲಿ ಓಡ್ತಾನಂತೆ.”

“ಅವನು ಓಡಿದ್ರೆ ಕಡಲು ಊರೊಳಗೆ ಬರುತ್ತೆ ಬಿಡು.”

“ನಗು, ನಗು. ಅವನ ಮುಖ ನೋಡಿದ್ಯಾ? ಹರೆಯದ ಹುಡುಗನ ಹಾಗಾಗಿದಾನೆ.”

ಬಯೂಮಿ ನೋಡಿದ. ನಿಜ. ಕೆನ್ನೆಯ ಮೂಳೆ ಎದ್ದಿತ್ತು. ಅಂಗಿಯ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ಉರಿಬೇಸಿಗೆಯಲ್ಲೂ ತಲೆಗೆ ಓರೆಯಾಗಿ ಉಣ್ಣೆ ಟೋಪಿ. ಶೋಕಿ! ಅಂಗಡಿ ಸಾಮಾನಿಗೂ ಕೆಳಗಿಳಿಯುತ್ತಿರಲಿಲ್ಲ. ಪಾಷಾ ಸಾಹೇಬರಂತೆ ಬುಟ್ಟಿ ಇಳಿಬಿಟ್ಟು ಎಲ್ಲ ತರಿಸಿಕೊಳ್ಳುತ್ತಿದ್ದ.

ಸೊಕ್ಕಾದರೂ ಎಂಥದ್ದು! ಆ ಗಲ್ಲಿಯಲ್ಲಿ ಬಲೆ ತುಂಬ ಮೀನು ಬಿದ್ದವನೂ “ಏನೂ ಇಲ್ಲ ಮಾರಾಯ” ಅನ್ನುತ್ತಾನೆ. ಮಗು ಗುಂಡಗಿದ್ದರೆ ತಾಯಿ ಅದರ ಮುಖ ತೊಳೆಯುವುದಿಲ್ಲ. ಯಾರ ಕಣ್ಣು ಯಾವಾಗ ತಾಗುತ್ತದೋ ಎಂದು ಎಲ್ಲರಿಗೂ ಪುಕಪುಕ. ಈ ರಗಬ್ ಮಾತ್ರ ಬಾಲ್ಕನಿಯಲ್ಲಿ ಅಂಗಿ ಎತ್ತಿ ತೋರಿಸುತ್ತಿದ್ದ.

“ಏ ಪೀಪಾಯಿ! ನೋಡೋ, ಕಣ್ತುಂಬ ನೋಡೋ! ಬೇಕಿದ್ರೆ ದೃಷ್ಟಿ ಹಾಕೋ!”

ಬಯೂಮಿ ಹಾಕಿದ. ದೇವರಾಣೆ, ಮನಸಾರೆ ಹಾಕಿದ. ಒಣಗಿ ಹೋಗು ನನ್ನಮಗನೇ, ಎಂದು ಹಲ್ಲು ಕಚ್ಚಿ ನೋಡಿದ. ಮುಂದಿನ ವಾರ ರಗಬ್ ಇನ್ನಷ್ಟು ತೆಳ್ಳಗಾಗಿದ್ದ. ಬಯೂಮಿಯ ಹೊಟ್ಟೆ ಇನ್ನಷ್ಟು ಉರಿಯಿತು.

“ನಿನ್ನ ಮನೆ ಸೂಪು ಅಮೃತ ಕಣೋ!” ಮೇಲಿನಿಂದ ಮತ್ತೆ ಕೂಗು.

“ಗಂಡಸಾದ್ರೆ ಇಳಿದು ಬಾರೋ!”

“ನೀನೇ ಹತ್ತಿ ಬಾ. ಮೂರು ಮಹಡಿ. ಎರಡನೇದಕ್ಕೇ ನಿನ್ನ ಹೆಣ ಇಳಿಸ್ಬೇಕಾಗುತ್ತೆ!”

ಚಹಾದಂಗಡಿ ಪೂರ್ತಿ ಘೊಳ್ಳೆಂದಿತು. ಸನಿಯ್ಯಳೂ ನಕ್ಕಳು. ಆ ನಗು ಬಯೂಮಿಯ ಎದೆಗೆ ಚಾಕುವಿನಂತೆ ಇಳಿಯಿತು.

ಮಾರನೇ ಬೆಳಗಿನ ಜಾವ ಅವನೂ ಕಡಲ ದಂಡೆಗೆ ಹೋದ. ನಡೆದ, ಏದುಸಿರು ಬಿಟ್ಟ, ಕೂತ, ಮತ್ತೆ ಎದ್ದ. ರಗಬ್ ಸಿಗಲಿಲ್ಲ. ಕಳ್ಳ, ನನಗಿಂತ ಮೊದಲೇ ಓಡಿ ಮುಗಿಸಿದ್ದಾನೆ! ಮರುದಿನ ಇನ್ನೂ ಬೇಗ ಹೋದ. ಆಗಲೂ ಇಲ್ಲ. ಬೆಸ್ತರಿಗಿಂತ ಮುಂಚೆ ಹೋದರೂ ಕಾಣಲಿಲ್ಲ. ಎಷ್ಟು ಬೇಗ ಎದ್ದರೂ ಅವನು ಒಂದು ಹೆಜ್ಜೆ ಮುಂದೆ. ಅಂಗಡಿಯಲ್ಲಿ ಪಾಕ ಕುದಿಯುವಾಗ ಬಯೂಮಿ ಮೂಗು ಮುಚ್ಚಿಕೊಂಡ. ಸೌತೆಕಾಯಿ ಕಡಿಯುವಾಗ ರಗಬ್‌ನ ಕತ್ತನ್ನೇ ಕಡಿದಂತೆ ಕಡಿದ. ನಡಿಗೆ ಓಟವಾಯಿತು. ಹಳೇ ಪ್ಯಾಂಟು ಸೊಂಟದಿಂದ ಜಾರತೊಡಗಿತು.

ಸನಿಯ್ಯ ಒಂದು ಮಾತೂ ಹೊಗಳಲಿಲ್ಲ. “ರಗಬ್ ಇನ್ನೂ ತೆಳ್ಳಗಿದಾನೆ,” ಎಂದಳು, ಅಷ್ಟೇ. ಈಗ ಪಾತ್ರೆಯನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ. ತಾನೇ ಹೊತ್ತು ಮೇಲೆ ಹೋಗುತ್ತಿದ್ದಳು. ಬರುವಾಗ ಕಣ್ಣು ಕೆಂಪಗಿರುತ್ತಿತ್ತು. ಅಗಲುವ ಸಂಕಟವಲ್ಲದೆ ಇನ್ನೇನು!

ಒಂದು ಮಧ್ಯಾಹ್ನ ಹೋದವಳು ಇಳಿಯಲೇ ಇಲ್ಲ. ಬಯೂಮಿ ಏಪ್ರನ್ ಕಿತ್ತೆಸೆದ. ಇವತ್ತು ಇಬ್ಬರಲ್ಲಿ ಒಬ್ಬನೇ ಉಳಿಯಬೇಕು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಬಾಗಿಲಿಗೆ ಒದ್ದ.

ಸೋಫಾದ ಮೇಲೆ ರಗಬ್ ಒರಗಿದ್ದ. ಸನಿಯ್ಯ ಅವನ ಬಾಯಿಗೆ ಚಮಚ ಹಿಡಿದಿದ್ದಳು. ಮೂಲೆಯಲ್ಲಿ ರಗಬ್‌ನ ತಾಯಿ ಚಾಪೆಯ ಮೇಲೆ ಕೂತು ದುವಾ ಮಾಡುತ್ತಿದ್ದಳು. ಕದ ಬಡಿದರೂ ತಿರುಗಲಿಲ್ಲ.

ಬಯೂಮಿ ಕೈ ಎತ್ತಿದ. ರಗಬ್ ಆ ಕೈ ನೋಡಲಿಲ್ಲ. ಅವನ ಎದೆಯ ಏರಿಳಿತವನ್ನೇ ನೋಡಿದ.

“ಎಲ್ಲಾದ್ರೂ ನಿಂತ್ಯಾ?”

“ಏನೋ?”

“ಮೆಟ್ಟಿಲಲ್ಲಿ. ಉಸಿರು ತಗೊಳ್ಳೋಕೆ ಎಲ್ಲಾದ್ರೂ ನಿಂತ್ಯಾ?”

“ಇಲ್ಲ,” ಎಂದ ಬಯೂಮಿ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ.

ಸನಿಯ್ಯ ಚಮಚ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ಸಾಕು ರಗಬ್. ಇನ್ನಾದ್ರೂ ಹೇಳ್ಬಿಡು.”

“ಕ್ಯಾನ್ಸರ್ ಚಳಿಗಾಲದಿಂದ ನನ್ನನ್ನ ತಿಂತಾ ಇದೆ ಕಣೋ ಬಯೂಮಿ, ನಾನು ಒಂದು ದಿನಾನೂ ಓಡಿದವನಲ್ಲ,” ಎಂದ ರಗಬ್. “ನಾನು ಹೋದ ಮೇಲೆ ಇವಳಿಗೆ ನೀನಾದ್ರೂ ಉಳೀಬೇಕಲ್ಲ.”