ನಾಲ್ಕುನೂರ ಹದಿನಾರನೆಯದು

ಬಲೆಯೊಳಗೆ ಪಟಪಟ ಬಡಿಯುತ್ತಿದ್ದ ಹಳದಿ ಚಿಟ್ಟೆಯ ರೆಕ್ಕೆಯ ಮೇಲೆ ಆಗಲೇ ನಂಬರ್ ಇತ್ತು. ಈ ವರ್ಷದ ಚಿಟ್ಟೆ ಎಣಿಕೆ ಶುರುವಾಗಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಯಾರೂ ಯಾವ ಚಿಟ್ಟೆಗೂ ಗುರುತು ಹಾಕಿರಲಿಲ್ಲ. ತಂಗಿ ಅದರ ರೆಕ್ಕೆಯನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿದು ಬಿಸಿಲಿಗೆ ಒಡ್ಡಿದಳು. ನಾಲ್ಕುನೂರ ಹದಿನಾಲ್ಕು. ಕೊನೆಗೊಂದು ಚುಕ್ಕೆ.

"ಏನಮ್ಮಾ, ಬಲೆಗೆ ಆನೆ ಬಿದ್ದ ಹಾಗೆ ನಿಂತ್ಬಿಟ್ಟೆ?" ಎಂದು ರಿಜಿಸ್ಟರ್ ಹಿಡಿದು ಬಂದ ಭಾವ, ಅದನ್ನು ನೋಡಿ ರಿಜಿಸ್ಟರ್ ಮುಚ್ಚಿದರು.

ಗುರುತು ಹಾಕುವುದು ಹೋದ ವರ್ಷದ ತನಕ ಅಕ್ಕನ ಕೆಲಸ. ಟೈಲರ್ ಕೈ, ಒಂದಿಷ್ಟೂ ನಡುಗದು. ಬಟ್ಟೆಯ ಮೇಲೆ ಅಳತೆ ಬರೆದು ಕೊನೆಗೆ ಚುಕ್ಕೆ ಇಡುವ ಅಭ್ಯಾಸ ಚಿಟ್ಟೆಗಳ ರೆಕ್ಕೆಗೂ ಬಂದಿತ್ತು. ತಂಗಿ ಹಿಡಿಯುವುದು, ಅಕ್ಕ ನಂಬರ್ ಬರೆದು ಬಿಡುವುದು, ಅಕ್ಕನ ಗಂಡ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಭಾವ, ನಡೆದಾಡುತ್ತಲೇ ರಿಜಿಸ್ಟರಿನಲ್ಲಿ ಗೀಚುವುದು. ಬಿಟ್ಟವುಗಳಲ್ಲಿ ಎಷ್ಟು ಮತ್ತೆ ಬಲೆಗೆ ಬೀಳುತ್ತವೆ ಎನ್ನುವುದರ ಮೇಲೆ ಒಟ್ಟು ಲೆಕ್ಕ. ಎಣಿಕೆಗೆ ಬರುವ ಗುಂಪಿನ ಉಳಿದವರು ಬೇರೆ ಬೇರೆ ದಾರಿ ಹಿಡಿದರೆ, ನೀರಿನ ಟ್ಯಾಂಕಿನ ಹಿಂದಿನ ಬಯಲು ಈ ಮೂವರದು. ಅಕ್ಕ ಬರೆದ ಕೊನೆಯ ನಂಬರ್ ನಾಲ್ಕುನೂರ ಹದಿಮೂರು. ಅದಾಗಿ ವಾರಕ್ಕೆ ಅವಳು ತೀರಿಹೋದಳು. ಹನ್ನೊಂದು ತಿಂಗಳಾಯಿತು. ಇಂಥ ಚಿಟ್ಟೆ ಎಷ್ಟೇ ಗಟ್ಟಿ ಪಿಂಡವಾದರೂ ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ.

ತಂಗಿಗೆ ಮೊದಲು ಬಂದದ್ದು ಸಿಟ್ಟು. ಇದು ಭಾವನದೇ ಕೆಲಸ ಅನ್ನಿಸಿತು. ಅಕ್ಕ ಹೋದ ಮೇಲೆ ಅವರು ಹೊಟ್ಟೆ ತುಂಬ ಉಂಡದ್ದನ್ನು ಅವಳು ನೋಡಿರಲಿಲ್ಲ. "ನನ್ನನ್ನೂ ಕರೆಸ್ಕೊಂಡ್ರೆ ಸಾಕಾಗಿತ್ತು" ಎಂದು ಗೋಡೆಗೆ ಹೇಳಿಕೊಂಡು ಕೂತಿರುತ್ತಿದ್ದರು. ಹೊರಗೆ ನಾಲ್ಕು ಜನರ ಮುಖ ನೋಡಿದರೆ ಉಳಿದುಕೊಂಡಾರು ಎಂಬ ಒಂದೇ ಆಸೆಯಿಂದ ಇವತ್ತು ಅವರನ್ನು ಎಳೆದು ತಂದಿದ್ದಳು. ಇವರೂ ಹೋಗಿಬಿಟ್ಟರೆ ತನ್ನವರು ಅಂತ ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ.

"ಭಾವ, ನಿನ್ನೆ ಇಲ್ಲಿಗೆ ಬಂದಿದ್ರಾ? ನಿಜ ಹೇಳಿ."

"ನಾನು ಅದನ್ನೇ ನಿನ್ನ ಕೇಳೋಣ ಅಂತಿದ್ದೆ. ನನ್ನ ಸಮಾಧಾನಕ್ಕೆ ಅಂತ ಹೀಗೆಲ್ಲ ಮಾಡಬಾರದಮ್ಮಾ."

"ನಾನಾ? ಲ್ಯಾಬಲ್ಲಿ ದಿನಾ ಎರಡು ಪಾಳಿ ಮಾಡಿ ಸುಸ್ತಾಗಿ ಬರೋಳು, ಚಿಟ್ಟೆ ಹಿಂದೆ ಬೀಳ್ತೀನಾ? ಅವಳ ಪೆನ್ನು ನಿಮ್ಮ ಹತ್ರ ತಾನೆ ಇರೋದು?"

"ಪೆನ್ನಾ?" ಭಾವ ಅವಳ ಮುಖವನ್ನೇ ನೋಡಿದರು. "ಕೊನೇಲಿ, ಚಟ್ಟಕ್ಕೆ ಏರಿಸೋ ಮುಂಚೆ, ಅದನ್ನ ಅವಳ ಕೈಯಲ್ಲಿಟ್ಟು ಬೆರಳು ಮಡಚಿದ್ದು ನೀನೇ ಅಲ್ವಾ? ಅಲ್ಲಿ ಹೋದ್ರೂ ಇವಳು ಸುಮ್ನೆ ಕೂರೋಳಲ್ಲ ಅಂತ ಬೇರೆ ಅಂದೆ."

ಅಂದಿದ್ದಳು. ಅಳುತ್ತಿದ್ದವರನ್ನು ಒಂದು ಗಳಿಗೆ ನಗಿಸಲು ಆಡಿದ ಮಾತು ಅದು. ಹಿಡಿತ ಸಡಿಲವಾಗಿ ಹಳದಿ ಚಿಟ್ಟೆ ಹಾರಿಹೋಯಿತು. ಅವಳ ಹೆಬ್ಬೆರಳಿಗೆ ಶಾಯಿ ಅಂಟಿತ್ತು, ಒದ್ದೆ ಶಾಯಿ.

ಆಗಲೇ ಮನೆಗೆ ಹೊರಟುಬಿಡಬೇಕಿತ್ತು. ಆದರೆ ಭಾವ ಕೇಳಬೇಕಲ್ಲ! ಬಲೆಯನ್ನು ಅವಳ ಕೈಯಿಂದ ಕಸಿದುಕೊಂಡು ಅವರೇ ಮುಂದೆ ನಡೆದರು. ಒಡೆದ ಪೈಪಿನ ಕೆಸರಿನಲ್ಲಿ ಕೂತಿದ್ದ ನೀಲಿ ಚಿಟ್ಟೆಯ ಮೇಲೆ ನಾಲ್ಕುನೂರ ಹದಿನೈದು ಸಿಕ್ಕಿತು. ಬೇಲಿಯ ಹತ್ತಿರ ಬಿಳಿಯದೊಂದರ ಮೇಲೆ ನಾಲ್ಕುನೂರ ಹದಿನೇಳು. "ಬರ್ಲಿ, ಬರ್ಲಿ, ಒಳಗೆ ಬರ್ಲಿ!" ಎಂದು ಬಸ್ಸಿನಲ್ಲಿ ಕೂಗುತ್ತಿದ್ದ ದನಿಯಲ್ಲೇ ಕೂಗಿದರು. ಹನ್ನೊಂದು ತಿಂಗಳ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು. ಅದನ್ನು ನೋಡಿ ಸಂತೋಷಪಡಬೇಕೋ ಹೆದರಬೇಕೋ ತಂಗಿಗೆ ತಿಳಿಯಲಿಲ್ಲ. ಸುತ್ತ ಅಷ್ಟು ಗಿಡಗಳಿದ್ದರೂ ಒಂದು ಹಕ್ಕಿಯ ದನಿಯೂ ಇರಲಿಲ್ಲ.

"ಹದಿನಾರು ಎಲ್ಲಿ?" ಎಂದರು ಭಾವ.

"ಸಿಗದಿದ್ರೆ ಬೇಡ ಬಿಡಿ ಭಾವ. ಬಿಸಿಲು ಏರ್ತಾ ಇದೆ, ಹೋಗೋಣ."

"ಅದ್ಹೇಗೆ ಬಿಡೋಕಾಗತ್ತೆ? ನಿಮ್ಮಕ್ಕ ಒಂದು ನಂಬರ್ ಹಾರಿಸೋಳಾ? ಹದಿನೇಳು ಬರೆದಿದ್ದಾಳೆ ಅಂದ್ಮೇಲೆ ಹದಿನಾರಕ್ಕೆ ಗುರುತು ಹಾಕೇ ಹಾಕಿದ್ದಾಳೆ."

ಅವರು ಮಂಡಿಯೂರಿ ಪೊದೆಯ ಕೆಳಗೆ ತಲೆ ತೂರಿಸಿದರು. ಬೆವರಿಗೆ ಒದ್ದೆಯಾದ ಅಂಗಿಯ ಕಾಲರ್ ಹಿಂದಕ್ಕೆ ಜಾರಿತು. ಅವರ ಬೆನ್ನ ಹಿಂದೆಯೇ ನಿಂತಿದ್ದ ತಂಗಿಯ ಕಣ್ಣು ಅಲ್ಲಿಗೆ ಹೋಯಿತು. ನರೆತ ಕೂದಲು ಮುಗಿಯುವ ಕಡೆ, ಕುತ್ತಿಗೆಯ ಹಿಂದೆ, ಅವರಿಗೆ ಎಂದೂ ಕಾಣದ ಜಾಗದಲ್ಲಿ, ಅಕ್ಕನ ಅಕ್ಷರದಲ್ಲಿ ಮೂರು ಪುಟ್ಟ ಅಂಕಿಗಳಿದ್ದವು. ಅವಳು ಸೆರಗಿನ ತುದಿಯಿಂದ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು. ಚರ್ಮ ಕೆಂಪಾಯಿತೇ ಹೊರತು ಅಂಕಿ ಅಳಿಸಲಿಲ್ಲ.

"ಏನೇ ಅದು?"

"ಇರುವೆ, ಭಾವ." ಕಾಲರನ್ನು ಮೇಲಕ್ಕೆ ಎಳೆದು ಮುಚ್ಚಿದಳು. "ಸಾಕು ಏಳಿ, ನಿಮ್ಮ ಕಾಲು ಹಿಡೀತೀನಿ."

ಭಾವ ನಗುತ್ತ ಮಂಡಿಯ ಮಣ್ಣು ಕೊಡವಿಕೊಂಡು ಎದ್ದರು. "ಹೆದರ್ಬೇಡ ಕಣಮ್ಮಾ. ಒಂದ್ಸಲ ಗುರುತು ಬಿದ್ಮೇಲೆ ಎಲ್ಲಿಗೆ ಹೋಗತ್ತೆ? ಇವತ್ತಲ್ಲ ನಾಳೆ ಬಲೆಗೆ ಬೀಳತ್ತೆ."