ಹೊಸ ಮಾಡೆಲ್ ಹೋದ ದಾರಿ

ಮೂರು ವರ್ಷದ ಲೀಸಿಗೆ ಐಷಾರಾಮಿ ಕಾರಿನ ಹಳೆಯ ಮಾಡೆಲ್ ತರುವುದೋ ಹೊಸದೋ ಎಂಬುದು ಅಡಿವೆಪ್ಪನ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಮುಂದಿನ ತಿಂಗಳು ತಯಾರಿಕೆ ನಿಂತುಹೋಗಲಿದ್ದ ಹಳೆಯದು ಹೇಳಿದಲ್ಲಿಗೆ ತಾನೇ ಹೋಗುತ್ತಿತ್ತು. ಹೊಸದಕ್ಕೆ ಬಾಯಿಬಿಟ್ಟು ಹೇಳುವುದೇ ಬೇಡ. ಸ್ಟಿಯರಿಂಗ್ ಮುಂದೆ ಕೂತವರ ಮನಸ್ಸು ಎಳೆದತ್ತ ಹೋಗುತ್ತಿತ್ತು. ಹುಬ್ಬಳ್ಳಿಯ ದೊಡ್ಡವರೆಲ್ಲ ಈಗ ಅದನ್ನೇ ಇಟ್ಟುಕೊಂಡಿದ್ದರು.

ಶೋರೂಮಿನವರು ಓಡಿಸಿ ನೋಡಲು ಕೊಟ್ಟ ಹೊಸ ಕಾರಿನಲ್ಲಿ ಅಡಿವೆಪ್ಪ ಹೆಂಡತಿ ಶಾಂಭವಿಯನ್ನು ಕೂರಿಸಿಕೊಂಡ.

"ನಿಮ್ಮಣ್ಣನ ಮನಿಗೆ ಹೋಗಿ ತೋರಿಸ್ಕೊಂಡ ಬರೂಣು," ಎಂದ.

ಕಾರು ಎರಡು ತಿರುವು ದಾಟಿ ಇಸ್ಪೀಟ್ ಕ್ಲಬ್ಬಿನ ಮುಂದೆ ನಿಂತಿತು.

"ನಮ್ಮಣ್ಣ ಮನಿ ಯಾವಾಗ ಬದಲಿ ಮಾಡಿದ?" ಎಂದಳು ಶಾಂಭವಿ.

"ಗಾಡ್ಯಾಗ ಏನೋ ದೋಷ ಐತಿ."

"ಹಂಗಾದ್ರ ಇಳೀರಿ, ನಾ ಅಲ್ಲಿ ಕೂಡತೀನಿ."

ಸ್ಟಿಯರಿಂಗ್ ಮುಂದೆ ಕೂತು ಅವಳು ಅಣ್ಣನನ್ನು ನೆನೆದದ್ದೇ ತಡ, ಕಾರು ನೆಟ್ಟಗೆ ಅವನ ಬೀದಿಗೆ ಬಂತು. ಶಾಂಭವಿ ಗೆದ್ದವಳಂತೆ ಗಂಡನತ್ತ ನೋಡಿದಳು. ಅಷ್ಟರಲ್ಲಿ ಗೇಟಿನಲ್ಲಿ ನಿಂತಿದ್ದ ಅತ್ತಿಗೆ ಇವರನ್ನು ಕಂಡು ಕೈ ಬೀಸಿದಳು. ಕಾರು ಒಮ್ಮೆಲೇ ವೇಗ ಹೆಚ್ಚಿಸಿಕೊಂಡು ಮನೆ ದಾಟಿಹೋಯಿತು.

"ವೈನಿ ಅಂದ್ರ ಜೀವ ಅಂತಿದ್ದೆಲ್ಲ," ಎಂದ ಅಡಿವೆಪ್ಪ ಮೆಲ್ಲಗೆ.

ಶಾಂಭವಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಹಳೇ ಮಾಡೆಲ್ಲಿಗೇ ಸಹಿ ಹಾಕ್ರಿ," ಎಂದಳು.